ಇಂದಿನ ಧಮ್ಮ ಚಿಂತನೆ: ‘ಊರಿನ ಒಳ್ಳೇದಕ್ಕ’ ಎಂದು ಮಾಡುವ ಹಿಂಸೆ





ಇಂದಿನ ವಿಷಯ: ಮಾಟ ಮಾಡಿದಳು, ಬಾನಾಮತಿ ಮಾಡಿದನು ಎಂದು ಒಬ್ಬರ ಮೇಲೆ ಹೊರಿಸುವ ಆರೋಪ, ಅದರ ಹೆಸರಿನಲ್ಲಿ ನಡೆಯುವ ಹಿಂಸೆ, ಆ ಹಿಂಸೆ ‘ಸರಿ’ ಎಂದು ಹೇಳಲು ಜನ ಕೊಡುವ ಕಾರಣಗಳು. ಇವತ್ತಿನದು ಸ್ವಲ್ಪ ಉದ್ದವಿದೆ. ದಯವಿಟ್ಟು ಕಡೆಯವರೆಗೆ ಓದಿ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಅವರಿಗೂ ಓದಿ ಹೇಳಿ.

*ವಿಷಯದ ತಿರುಳು*

ಕಳ್ಳನಿಗೆ ತಾನು ಮಾಡುವುದು ತಪ್ಪೆಂದು ಗೊತ್ತಿರುತ್ತದೆ. ಅದಕ್ಕೇ ರಾತ್ರಿ ಬರುತ್ತಾನೆ, ಮುಖ ಮುಚ್ಚಿಕೊಳ್ಳುತ್ತಾನೆ. ಆದರೆ ಮಾಟಗಾತಿ ಎಂದು ಒಬ್ಬ ಮುದುಕಿಯನ್ನು ಹೊಡೆಯುವವರು ಹಾಡಹಗಲೇ ಬರುತ್ತಾರೆ, ಗುಂಪಾಗಿ ಬರುತ್ತಾರೆ. ಮಕ್ಕಳ ಕಣ್ಣೆದುರೇ ಹೊಡೆಯುತ್ತಾರೆ. ಆಮೇಲೆ ಮನೆಗೆ ಹೋಗಿ ಕೈ ತೊಳೆದು ಉಣ್ಣುತ್ತಾರೆ, ನಿದ್ದೆಯೂ ಚೆನ್ನಾಗಿ ಬರುತ್ತದೆ. ಯಾಕೆಂದರೆ ತಾವು ಪಾಪ ಮಾಡಿದೆವು ಎಂದು ಅವರಿಗೆ ಅನ್ನಿಸುವುದೇ ಇಲ್ಲ. ಊರನ್ನು ಕಾಪಾಡಿದೆವು ಎಂದೇ ಅವರು ನಂಬಿರುತ್ತಾರೆ.

ಬಾಬಾಸಾಹೇಬರು 1936ರಲ್ಲಿ ಅಚ್ಚು ಹಾಕಿಸಿದ ‘ಜಾತಿ ವಿನಾಶ’ದಲ್ಲಿ ಇದೇ ಗಂಟನ್ನು ಬಿಚ್ಚಿದ್ದಾರೆ. ಜನ ಜಾತಿ ಆಚರಿಸುವುದು ಅವರು ಕ್ರೂರಿಗಳಾಗಿರುವುದರಿಂದಲ್ಲ, ಧರ್ಮಭೀರುಗಳಾಗಿರುವುದರಿಂದ ಎಂಬುದು ಅವರ ಮಾತಿನ ಸಾರ. ಹಾಗಾಗಿ ಬರೀ ಮನುಷ್ಯರನ್ನು ಬೈದರೆ ಸಾಲದು. ಆ ನಡತೆಯನ್ನು ಪವಿತ್ರ ಎಂದು ಕಲಿಸಿದ ನಂಬಿಕೆಯನ್ನೇ ಪ್ರಶ್ನಿಸಬೇಕು. ಮಾಟದ ಆರೋಪಕ್ಕೂ ಇದೇ ಮಾತು ಹೊಂದುತ್ತದೆ.

*ನಮ್ಮ ನಾಡಿನ ಬಾನಾಮತಿ*

ನಮ್ಮ ಬೆಳಗಾವಿ ಸೀಮೆಯಲ್ಲಿ ಮಾಟ, ಕರಣಿ ಎನ್ನುತ್ತೇವೆ. ಕಲಬುರಗಿ, ಬೀದರ್ ಕಡೆ ಬಾನಾಮತಿ ಎನ್ನುತ್ತಾರೆ. 1980ರ ದಶಕದ ಆರಂಭದಲ್ಲಿ ಆ ಭಾಗದ ಹಳ್ಳಿಗಳಲ್ಲಿ ಬಾನಾಮತಿಯ ಭೀತಿ ದೊಡ್ಡದಾಗಿ ಹಬ್ಬಿತ್ತು. ಅದರಲ್ಲಿ ನರಳಿದವರು ಹೆಚ್ಚಾಗಿ ಹೆಂಗಸರು. ಇದ್ದಕ್ಕಿದ್ದಂತೆ ನಾಯಿಯ ಹಾಗೆ ಬೊಗಳುವುದು, ಚೀರುವುದು, ಮೈಮೇಲೆ ಎಚ್ಚರ ತಪ್ಪುವುದು. ಕೆಲವು ಮನೆಗಳ ಮೇಲೆ ಕಲ್ಲು ಬೀಳುತ್ತವೆ, ಇಟ್ಟ ಬಟ್ಟೆ ಇಟ್ಟಲ್ಲೇ ಸುಡುತ್ತದೆ ಎಂಬ ಸುದ್ದಿ ಬೇರೆ.

ಹಾಗಾದರೆ ಇದನ್ನೆಲ್ಲ ಮಾಡಿದವರು ಯಾರು? ಊರು ಯಾರನ್ನೋ ಒಬ್ಬರನ್ನು ಹುಡುಕಿ ತೆಗೆಯುತ್ತಿತ್ತು. ಹಾಗೆ ಸಿಕ್ಕಿಬಿದ್ದವರು ಬಹುಪಾಲು ಬಡವರು, ಹಿಂದೆ ಮುಂದೆ ಯಾರೂ ಇಲ್ಲದವರು. ಅವರನ್ನು ಹೊಡೆಯುತ್ತಿದ್ದರು. ಹಲ್ಲು ಕೀಳುತ್ತಿದ್ದರು. ಹಲ್ಲೇ ಯಾಕೆ? ಹಲ್ಲು ಹೋದರೆ ಮಂತ್ರದ ಉಚ್ಚಾರ ಕೆಡುತ್ತದೆ, ಆಗ ಬಾನಾಮತಿ ನಿಲ್ಲುತ್ತದೆ ಎಂಬ ನಂಬಿಕೆ. ಹಲ್ಲು ಕಿತ್ತವರ ಮನಸ್ಸಿನಲ್ಲಿ ಅದು ಶಿಕ್ಷೆಯೂ ಅಲ್ಲ, ಊರಿನ ಹೆಣ್ಣುಮಕ್ಕಳನ್ನು ಉಳಿಸುವ ಉಪಾಯ!

ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರು ಈ ಬಾನಾಮತಿಯನ್ನು ಅಧ್ಯಯನ ಮಾಡಿ, ಜನರಿಗೆ ತಿಳಿಯುವ ಕನ್ನಡದಲ್ಲಿ ವಿವರಿಸಿದರು. ಮನಸ್ಸಿನ ತಡೆಯಲಾರದ ಒತ್ತಡ ಮೈಮೇಲೆ ಹೀಗೆ ಕಾಣಿಸಿಕೊಳ್ಳಬಲ್ಲದು. ಒಬ್ಬರಲ್ಲಿ ಕಂಡದ್ದು ಭಯದಿಂದ ಇನ್ನೊಬ್ಬರಿಗೂ ಹರಡಬಲ್ಲದು. ಕಲ್ಲು ಬೀಳುವುದು, ಬಟ್ಟೆ ಸುಡುವುದು ಇಂಥವುಗಳ ಹಿಂದೆ ಮನುಷ್ಯರ ಕೈ ಇರುತ್ತದೆ. ಗಂಡನ ಎದುರು, ಅತ್ತೆಯ ಎದುರು ಬಾಯಿ ಬಿಚ್ಚಲಾಗದ ಹೆಣ್ಣುಮಗಳ ನೋವು ಆ ಕೂಗಿನಲ್ಲಿ ಹೊರಬರುತ್ತಿದ್ದಿರಬಹುದು. ಹಲ್ಲು ಕಿತ್ತದ್ದರಿಂದ ಆಕೆಯ ನೋವು ಯಾರಿಗೂ ತಿಳಿಯಲಿಲ್ಲ. ಅವಳಿಗೂ ಔಷಧ ಸಿಗಲಿಲ್ಲ, ಹಲ್ಲು ಕಳೆದುಕೊಂಡವನಿಗೂ ನ್ಯಾಯ ಸಿಗಲಿಲ್ಲ.

ಇದು ಹಳೇ ಕಾಲದ ಮಾತು ಎಂದುಕೊಳ್ಳಬೇಡಿ. ದೇಶದಲ್ಲಿ 2022ರಲ್ಲಿ ಮಾಟದ ಕಾರಣಕ್ಕೆ ನಡೆದ ಕೊಲೆಗಳು 85 ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯೇ ಹೇಳುತ್ತದೆ. ಕೊಲೆಯಾದರೆ ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. ಊರು ಬಿಟ್ಟವರು, ಹೊಲ ಕಳೆದುಕೊಂಡವರು, ಮನೆಯೊಳಗೇ ಕುಗ್ಗಿ ಹೋದವರು ಇದರಲ್ಲಿ ಇಲ್ಲ.

*ಹಿಂಸೆಗೆ ಕೊಡುವ ನಾಲ್ಕು ಕಾರಣಗಳು*

ಎಲ್ಲ ಕಾಲದಲ್ಲೂ, ಎಲ್ಲ ದೇಶದಲ್ಲೂ ಈ ಹಿಂಸೆಗೆ ಕೊಟ್ಟ ಕಾರಣಗಳನ್ನು ಒಟ್ಟು ಮಾಡಿ ನೋಡಿದರೆ ನಾಲ್ಕೇ ಮಾತು ಸಿಗುತ್ತವೆ.

*1) ‘ದೇವರೇ ಹೇಳ್ಯಾನ’*

ಯೂರೋಪಿನಲ್ಲಿ 15ರಿಂದ 18ನೇ ಶತಮಾನದವರೆಗೆ ಸುಮಾರು 40ರಿಂದ 60 ಸಾವಿರ ಜನರನ್ನು ಮಾಟಗಾರರೆಂದು ಕೊಂದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಕೊಂದವರು ಕಾಡಿನ ದರೋಡೆಕೋರರಲ್ಲ, ನ್ಯಾಯಾಧೀಶರು. ಅವರ ಬೆನ್ನಿಗೆ ಪಾದ್ರಿಗಳಿದ್ದರು. ಮಾಟಗಾತಿಯನ್ನು ಬದುಕಗೊಡಬಾರದು ಎಂಬ ಅಪ್ಪಣೆ ಅವರ ಧರ್ಮಗ್ರಂಥದಲ್ಲೇ ಇತ್ತು. 1480ರ ದಶಕದಲ್ಲಿ ಹೈನ್ರಿಚ್ ಕ್ರಾಮರ್ ಎಂಬ ಜರ್ಮನಿಯ ಪಾದ್ರಿ ಮಾಟಗಾತಿಯರನ್ನು ಪತ್ತೆ ಹಚ್ಚಿ ಶಿಕ್ಷಿಸುವುದು ಹೇಗೆಂದು ಒಂದು ದೊಡ್ಡ ಪುಸ್ತಕವನ್ನೇ ಬರೆದ. ಹೆಣ್ಣು ಸ್ವಭಾವದಿಂದಲೇ ದುರ್ಬಲಳು, ಸೈತಾನನಿಗೆ ಬೇಗ ಒಲಿಯುತ್ತಾಳೆ ಎಂಬುದು ಅದರ ವಾದ.

ದೂರದ ಮಾತು ಬೇಡ ಎನ್ನುವಿರಾದರೆ ನಮ್ಮ ಪಕ್ಕದ ಸವದತ್ತಿ ಗುಡ್ಡದ ಕಥೆ ನೆನೆಯಿರಿ. ರೇಣುಕೆಯ ಮನಸ್ಸು ಒಂದು ಗಳಿಗೆ ಅತ್ತ ಹರಿಯಿತು ಎಂಬ ಕಾರಣಕ್ಕೆ ಜಮದಗ್ನಿ, ಅವಳ ತಲೆ ಕಡಿಯಿರಿ ಎಂದು ಮಕ್ಕಳಿಗೆ ಹೇಳಿದ. ದೊಡ್ಡ ಮಕ್ಕಳು ಕೊಡಲಿ ಎತ್ತಲಿಲ್ಲ, ಅವರಿಗೆ ಶಾಪ ಸಿಕ್ಕಿತು. ಪರಶುರಾಮ ಎತ್ತಿದ, ಅವನಿಗೆ ವರ ಸಿಕ್ಕಿತು. ಚಿಕ್ಕಂದಿನಿಂದ ಈ ಕಥೆ ಕೇಳಿದ್ದೇವೆ. ಯಾರು ಒಳ್ಳೆಯ ಮಗ ಎಂದು ಅದು ನಮಗೆ ಕಲಿಸಿತು. ದೀಕ್ಷೆ ಪಡೆದ ನಾವು ಈಗ ಆ ಕಥೆಯನ್ನು ತಿರುಗಿಸಿ ಕೇಳಬೇಕು. ಅಪ್ಪನ ಮಾತಿಗೂ ಜಗ್ಗದೆ, ಶಾಪಕ್ಕೂ ಹೆದರದೆ ತಾಯಿಯ ಮೇಲೆ ಕೊಡಲಿ ಎತ್ತದ ಆ ಮಕ್ಕಳ ಹೆಸರು ನಮಗೆ ಯಾಕೆ ನೆನಪಿಲ್ಲ?

ಅಂಗುಲಿಮಾಲನ ಕಥೆಯೂ ಹೀಗೆಯೇ. ಸಾವಿರ ಬೆರಳು ತಾ ಎಂದು ಕೇಳಿದವನು ಅವನ ಗುರು. ಗುರುದಕ್ಷಿಣೆ ಎಂಬ ‘ಧರ್ಮ’ಕ್ಕಾಗಿ ಅವನು ಕೊಂದ. ಭಗವಾನ್ ಬುದ್ಧರು ಅವನೆದುರು ನಿಂತು ಆ ಧರ್ಮದಿಂದಲೇ ಅವನನ್ನು ಬಿಡಿಸಿದರು. ಕೇಸಪುತ್ತದ ಕಾಲಾಮರಿಗೂ ಅವರು ಹೇಳಿದ್ದು ಇದನ್ನೇ: ಗುರು ಹೇಳಿದ, ಗ್ರಂಥದಲ್ಲಿದೆ, ಹಿಂದಿನಿಂದ ಬಂದಿದೆ ಎಂಬುದು ಒಪ್ಪಲು ಕಾರಣವಲ್ಲ. ಅದರಂತೆ ನಡೆದರೆ ಯಾರಿಗೆ ಹಿತ, ಯಾರಿಗೆ ಕೇಡು ಎಂದು ನೀವೇ ನೋಡಬೇಕು.

*2) ‘ಊರಿನ ಒಳ್ಳೇದಕ್ಕ’*

‘ಕೆರೆಗೆ ಹಾರ’ ಎಲ್ಲರಿಗೂ ಗೊತ್ತಿರುವ ಜನಪದ ಹಾಡು. ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ಕೇಳಿದವರು ಅಳುತ್ತಾರೆ, ಆದರೆ ‘ಯಾಕೆ ಬಲಿ?’ ಎಂದು ಕೇಳುವವರು ಕಡಿಮೆ. ಹೊರಗಿನಿಂದ ಬಂದವಳು, ಕೇಳುವವರಿಲ್ಲದವಳು ಅವಳು. ಊರಿನ ಒಳ್ಳೇದಕ್ಕೆ ಬೆಲೆ ತೆರುವವರು ಯಾವಾಗಲೂ ಇಂಥವರೇ.

ನಮಗಂತೂ ಈ ಮಾತು ಹೊಸದಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ಅಂದು ‘ಇವರು ವೀರೇಶ್ವರ ಗುಡಿಗೂ ನುಗ್ಗುತ್ತಾರೆ’ ಎಂಬ ಸುಳ್ಳು ಸುದ್ದಿ ಹಬ್ಬಿತು. ಗುಂಪು ಬಂದು ನಮ್ಮವರನ್ನು ಹೊಡೆಯಿತು. ಆಮೇಲೆ ಕೆರೆಗೆ ಪಂಚಗವ್ಯ ಸುರಿದು ‘ಶುದ್ಧಿ’ ಮಾಡಿದರು. ನಮ್ಮ ಕೈಯೇ ಊರಿಗೆ ಕೇಡು ಎಂಬ ಆರೋಪ ಅದು. ಮುದುಕಿಯ ಕಣ್ಣು ಊರಿಗೆ ಕೇಡು ಎನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಎರಡಕ್ಕೂ ಸಾಕ್ಷಿ ಇಲ್ಲ. ಎರಡನ್ನೂ ಊರಿನ ಹಿತದ ಹೆಸರಿನಲ್ಲೇ ಹೇಳಿದರು.

ಇನ್ನೊಂದು ಉದಾಹರಣೆ ನಮ್ಮ ಕೈಯಲ್ಲಿರುವ ಈ ಮೊಬೈಲಿನದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ನಂಬಿದ ಗುಂಪು, ಹೈದರಾಬಾದಿನ ಒಬ್ಬ ಯುವ ಎಂಜಿನಿಯರನನ್ನು ಹೊಡೆದು ಕೊಂದಿತು. ಅಲ್ಲಿ ಮಂತ್ರವೂ ಇರಲಿಲ್ಲ, ದೇವರ ಅಪ್ಪಣೆಯೂ ಇರಲಿಲ್ಲ. ‘ನಮ್ಮ ಮಕ್ಕಳನ್ನು ಉಳಿಸಬೇಕು’ ಎಂಬ ಒಂದೇ ಮಾತು ಸಾಕಾಯಿತು.

*3) ‘ಆಕಿನ ಒಪ್ಪಿಕೊಂಡಾಳ’*

ಹೊಡೆತ ತಾಳಲಾರದೆ ‘ಹೌದು, ನಾನೇ ಮಾಡಿದೆ’ ಎಂದರೆ ಅದು ಸಾಕ್ಷಿಯಾಗುತ್ತದೆಯೇ? ಜರ್ಮನಿಯ ಫ್ರೀಡ್ರಿಚ್ ಸ್ಪೀ ಎಂಬ ಪಾದ್ರಿ ಸಾಯಲು ಹೊರಟ ಹೆಂಗಸರ ಕಡೆಯ ಮಾತು ಕೇಳಿದವನು. 1631ರಲ್ಲಿ ಅವನು ಹೆಸರು ಹಾಕದೆ ಒಂದು ಪುಸ್ತಕ ಹೊರತಂದ. ಚಿತ್ರಹಿಂಸೆ ಕೊಟ್ಟರೆ ಯಾರು ಬೇಕಾದರೂ ಏನು ಬೇಕಾದರೂ ಒಪ್ಪುತ್ತಾರೆ ಎಂಬುದು ಅದರ ಸಾರ.

ಅದಕ್ಕೂ ಮೊದಲೇ ಸ್ಪೇನಿನಲ್ಲಿ ಸಲಾಜಾರ್ ಎಂಬ ಚರ್ಚಿನ ನ್ಯಾಯಾಧಿಕಾರಿ ಇದ್ದ. ಬಾಸ್ಕ್ ಸೀಮೆಯಲ್ಲಿ ನೂರಾರು ಜನ, ಸಣ್ಣ ಮಕ್ಕಳು ಸಹ, ತಾವು ಮಾಟದ ಕೂಟಕ್ಕೆ ಹೋಗಿದ್ದೆವು ಎಂದು ಹೇಳತೊಡಗಿದ್ದರು. ಅವನು 1611-12ರಲ್ಲಿ ಊರೂರು ತಿರುಗಿದ. ಮಾಟದ ಔಷಧಿ ಎಂದು ಕೊಟ್ಟದ್ದನ್ನೆಲ್ಲ ಪರೀಕ್ಷೆ ಮಾಡಿಸಿದ, ಹೇಳಿಕೆಗಳನ್ನು ಒಂದಕ್ಕೊಂದು ತಾಳೆ ನೋಡಿದ. ಒಂದಾದರೂ ನಿಜವಾದ ಮಾಟದ ಗುರುತು ಸಿಗಲಿಲ್ಲ. ಮಾಟದ ಬಗ್ಗೆ ಮಾತಾಡುವುದಕ್ಕೆ ಮೊದಲು ಅಲ್ಲಿ ಮಾಟಗಾರರೇ ಇರಲಿಲ್ಲ ಎಂದು ವರದಿ ಕೊಟ್ಟ. ಅವನು ನಮ್ಮ ಧಮ್ಮದವನಲ್ಲ. ಆದರೆ ‘ಬಂದು ನೋಡು’ ಎಂಬ ನಮ್ಮ ಏಹಿಪಸ್ಸಿಕೋ ತತ್ವವನ್ನು ಪಾಲಿಸಿದ. ಸಾವಿರಾರು ಜೀವ ಉಳಿದವು.

*4) ‘ಆಕಿ ಛಲೋದಕ್ಕ’*

ಮೈಯಲ್ಲಿ ದೆವ್ವ ಸೇರಿದೆ, ಹೊಡೆದರೆ ದೆವ್ವಕ್ಕೆ ಪೆಟ್ಟು, ಆಕೆಗಲ್ಲ ಎನ್ನುವ ಮಾತು ಇದು. ಬೇವಿನ ಕಡ್ಡಿ, ಮೆಣಸಿನಕಾಯಿ ಹೊಗೆ, ಚಾಟಿ ಎಲ್ಲ ‘ಆಕಿ ಛಲೋದಕ್ಕ’.

ಪಟಾಚಾರಾಳ ಕಥೆ ನೆನೆಯಿರಿ. ಒಂದೇ ದಿನದಲ್ಲಿ ಗಂಡ, ಮಕ್ಕಳು, ತಾಯಿ, ತಂದೆ, ತಮ್ಮ ಎಲ್ಲರನ್ನೂ ಕಳೆದುಕೊಂಡವಳು. ಬುದ್ಧಿ ಕೆಟ್ಟು, ಮೈಮೇಲಿನ ಬಟ್ಟೆಯ ಅರಿವೂ ಇಲ್ಲದೆ ತಿರುಗುತ್ತಿದ್ದಳು. ಜನ ಹುಚ್ಚಿ ಎಂದು ಮಣ್ಣಿನ ಹೆಂಟೆ ಎಸೆದು ಓಡಿಸಿದರು. ಜೇತವನದಲ್ಲೂ ತಡೆಯಲು ಹೋದರು. ಭಗವಾನರು ತಡೆಯಬೇಡಿ ಎಂದರು. ತಂಗಿ, ಎಚ್ಚರಕ್ಕೆ ಬಾ ಎಂದು ಕರೆದರು. ಒಬ್ಬರು ಮೇಲುವಸ್ತ್ರ ಕೊಟ್ಟರು. ದೆವ್ವ ಬಿಡಿಸುವ ಮಾತೇ ಅಲ್ಲಿ ಬರಲಿಲ್ಲ. ಬಟ್ಟೆ, ಗೌರವದ ಕರೆ, ಕೇಳಿಸಿಕೊಳ್ಳುವ ಕಿವಿ, ಇಷ್ಟರಿಂದಲೇ ಆಕೆ ಮರಳಿ ಮನುಷ್ಯಳಾದಳು. ಮುಂದೆ ದೊಡ್ಡ ಭಿಕ್ಖುಣಿಯಾಗಿ ನೂರಾರು ಹೆಂಗಸರಿಗೆ ದಾರಿ ತೋರಿದಳು.

*ಆರೋಪ ಬಂದಾಗ ಬುದ್ಧರ ನಡೆ*

ಸುಳ್ಳು ಆರೋಪ ಸಂಘಕ್ಕೂ ಬಂದಿತ್ತು. ಸಾವತ್ಥಿಯಲ್ಲಿ ಸಂಘದ ಹೆಸರು ಕಂಡು ಹೊಟ್ಟೆಕಿಚ್ಚು ಪಟ್ಟ ಬೇರೆ ಪಂಥದವರು ಸುಂದರಿ ಎಂಬ ಪರಿವ್ರಾಜಿಕೆಯನ್ನು ಪದೇ ಪದೇ ಜೇತವನಕ್ಕೆ ಹೋಗಿ ಬರುವಂತೆ ಹಚ್ಚಿದರು. ಆಮೇಲೆ ಆಕೆಯನ್ನು ಕೊಲ್ಲಿಸಿ ಅಲ್ಲೇ ಹೂಳಿಸಿ, ಭಿಕ್ಖುಗಳೇ ಕೊಂದರು ಎಂದು ಊರೆಲ್ಲ ಸಾರಿದರು. ಭಿಕ್ಷೆಗೆ ಹೋದಲ್ಲೆಲ್ಲ ಭಿಕ್ಖುಗಳಿಗೆ ಬೈಗುಳ. ಭಗವಾನರು ಕೋಪಕ್ಕೆ ಕೋಪ ಕೊಡಲಿಲ್ಲ, ಓಡಿಯೂ ಹೋಗಲಿಲ್ಲ. ಈ ಸದ್ದು ಏಳು ದಿನ ಇರುತ್ತದೆ, ಆಮೇಲೆ ಅಡಗುತ್ತದೆ ಎಂದರು. ಹಾಗೇ ಆಯಿತು. ಇಲ್ಲಿ ಒಂದು ಮಾತು ಗಮನಿಸಿ: ಆ ಸುಳ್ಳಿಗಾಗಿ ನಿಜವಾಗಿ ಜೀವ ಕಳೆದುಕೊಂಡವಳು ಒಬ್ಬ ಹೆಣ್ಣುಮಗಳು.

ವಿನಯದಲ್ಲಿ ದಬ್ಬ ಮಲ್ಲಪುತ್ತನ ಪ್ರಕರಣವಿದೆ. ಅವನು ಭಿಕ್ಖುಗಳಿಗೆ ವಸತಿ, ಊಟದ ಸರದಿ ಹಂಚುವವನು. ತಮಗೆ ಸಪ್ಪೆ ಊಟ ಸಿಕ್ಕಿತೆಂಬ ಸಿಟ್ಟಿಗೆ ಇಬ್ಬರು ಅವನ ಮೇಲೆ ಹೊಲಸು ಆರೋಪ ಹೊರಿಸಿದರು. ಭಗವಾನರು ಇಡೀ ಸಂಘದ ಎದುರು ಅವನನ್ನೇ ಕರೆದು ನೇರವಾಗಿ ಕೇಳಿದರು. ಅವನ ಮಾತು ಕೇಳಿದ ಮೇಲೆ ಆರೋಪ ಹೊರಿಸಿದವರನ್ನು ವಿಚಾರಿಸಿರಿ ಎಂದರು. ಆಧಾರವಿಲ್ಲದೆ ಇನ್ನೊಬ್ಬರ ಮೇಲೆ ದೊಡ್ಡ ದೋಷ ಹೊರಿಸುವುದೇ ಭಾರೀ ಅಪರಾಧ ಎಂಬ ನಿಯಮ ಅಲ್ಲಿಂದ ಬಂತು.

ಆರೋಪ ಮಾಡುವವರು ಮೊದಲು ತಮ್ಮೊಳಗೆ ನೋಡಿಕೊಳ್ಳಬೇಕಾದ ಐದು ಮಾತನ್ನೂ ಸುತ್ತದಲ್ಲಿ ಹೇಳಿದೆ:
✅ ಸರಿಯಾದ ಸಮಯದಲ್ಲಿ ಹೇಳುತ್ತಿದ್ದೇನೆಯೇ?
✅ ಹೇಳುತ್ತಿರುವುದು ನಿಜವೇ?
✅ ಮಾತು ಮೃದುವಾಗಿದೆಯೇ?
✅ ಅದರಿಂದ ಒಳಿತು ಇದೆಯೇ?
✅ ಮನಸ್ಸಿನಲ್ಲಿ ಮೈತ್ರಿ ಇದೆಯೇ?

ಮಾಟದ ಆರೋಪ ಎರಡನೇ ಪ್ರಶ್ನೆಯಲ್ಲೇ ಬಿದ್ದುಹೋಗುತ್ತದೆ. ನಮ್ಮೂರ ಕಮಲ ನಾರಾಯಣ ಗುಡಿಯನ್ನು 12ನೇ ಶತಮಾನದಲ್ಲಿ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದಳು ಎಂದು ಹೇಳುತ್ತೇವೆ. ಯಾಕೆ ಹೇಳುತ್ತೇವೆ? ಕಲ್ಲಿನ ಮೇಲೆ ಶಾಸನವಿದೆ, ಓದಿದವರಿದ್ದಾರೆ. ಎಂಟುನೂರು ವರ್ಷದ ಹಿಂದಿನ ಮಾತಿಗೂ ಆಧಾರ ಕೇಳುವ ನಾವು, ಓಣಿಯ ಮುದುಕಿಯ ಮೇಲಿನ ಮಾತಿಗೆ ಯಾಕೆ ಕೇಳುವುದಿಲ್ಲ?

*ನಮ್ಮ ಕೇರಿಯ ಮಾತು*

ಈ ವಿಷಯ ಈಗ ಎತ್ತಿದ್ದಕ್ಕೆ ಕಾರಣವಿದೆ. ಹೆಸರು ಬರೆಯುವುದಿಲ್ಲ, ಯಾರೂ ಕೇಳಬೇಡಿ. ಬರೆದರೆ ಈ ಸಂದೇಶವೇ ಫಾರ್ವರ್ಡ್ ಆಗಿ ಇನ್ನೊಂದು ಆರೋಪವಾಗುತ್ತದೆ.

ಒಂದೂವರೆ ತಿಂಗಳ ಹಿಂದೆ ಒಂದು ಮಗುವಿಗೆ ಜ್ವರ ಬಂದು ಇಳಿಯಲಿಲ್ಲ. ಅದೇ ವಾರ ಆ ಮನೆಯ ಎಮ್ಮೆಯೂ ಹಾಲು ಕಡಿಮೆ ಮಾಡಿತು. ಯಾರೋ ದೂರದ ಊರಿಗೆ ಹೋಗಿ ಹೇಳಿಕೆ ಕೇಳಿಕೊಂಡು ಬಂದರು. ‘ನಿಮ್ಮ ಮನಿ ಪಡುವಣಕ್ಕ ಒಬ್ಬಾಕಿ ಒಂಟಿ ಹೆಣ್ಣಮಗಳು ಅದಾಳ, ಆಕಿದ ಕಣ್ಣು’ ಎಂದು ಉತ್ತರ ಬಂತಂತೆ. ಪಡುವಣಕ್ಕೆ ಒಂಟಿಯಾಗಿ ಇರುವವರು ಯಾವ ಊರಿನಲ್ಲಿ ಇಲ್ಲ? ಮಗುವನ್ನು ಸರಕಾರಿ ದವಾಖಾನೆಗೆ ಒಯ್ದಾಗ ರಕ್ತ ತಪಾಸಣೆಯಲ್ಲಿ ಟೈಫಾಯ್ಡ್ ಎಂದು ಬಂತು. ಗುಳಿಗೆ ತೆಗೆದುಕೊಂಡು ಮಗು ಈಗ ಸಾಲಿಗೆ ಹೋಗುತ್ತಿದೆ. ಆದರೆ ಆ ಆಯಿಯ ಮೇಲಿನ ಮಾತು ಮಾತ್ರ ಇನ್ನೂ ಇಳಿದಿಲ್ಲ. ಪೌರ್ಣಮಿಯ ವಂದನೆಗೆ ಆಕೆ ಮಾಡಿ ತಂದ ಖೀರನ್ನು ಕೆಲವರು ತಾವೂ ಮುಟ್ಟಲಿಲ್ಲ, ಮಕ್ಕಳಿಗೂ ಕೊಡಲಿಲ್ಲ.

ಬಳಗದಲ್ಲಿ ಈ ಮಾತು ಎತ್ತಿದಾಗ ಒಬ್ಬ ತಮ್ಮ ಅಂದ: ‘ಸರ, ನಾವೇನು ಆಕಿನ ಹೊಡದೇವೇನ್ರಿ? ಬೈದೇವೇನು? ಒಂದೀಟು ದೂರ ಇಟ್ಟೇವಿ, ಅಷ್ಟ.’

ಮೂಲೆಯಲ್ಲಿ ಕುಳಿತಿದ್ದ ನಮ್ಮ ಹಿರಿಯ ಉಪಾಸಿಕೆ ತಲೆ ಎತ್ತಿ ಹೇಳಿದರು: ‘ದೂರ ಇಡೂದು ಅಂದ್ರ ಏನಂತ ನಮಗ ಯಾರೂ ಕಲಸಬೇಕಾಗಿಲ್ಲೋ ತಮ್ಮಾ. ನಮ್ಮ ಕೈಯಾಗ ನೀರ ಹಾಕವರು ಎತ್ತರಿಂದ ಹಾಕ್ತಿದ್ರು. ಅವರೂ ನಮ್ಮನ್ನ ಹೊಡದೇವಿ ಅಂತ ಅಂದಿಲ್ಲ, ದೂರ ಇಟ್ಟೇವಿ ಅಂತನ ಅಂದ್ರು.’

ಅದರ ಮೇಲೆ ಯಾರೂ ಮಾತಾಡಲಿಲ್ಲ. ಅಸ್ಪೃಶ್ಯತೆಯೂ ಮಾಟದ ಆರೋಪವೂ ಒಂದೇ ಬೀಜದ ಎರಡು ಗಿಡ ಎಂದು ನಾನು ಬರೆದು ವಿವರಿಸುವುದಕ್ಕಿಂತ ಆ ತಾಯಿಯ ಮಾತೇ ಸಾಕು. ದೀಕ್ಷೆ ಪಡೆದು ದೇವರ ಫೋಟೊ ಇಳಿಸಿದ್ದೇವೆ. ಆದರೆ ಹೇಳಿಕೆ ಕೇಳುವ ಅಭ್ಯಾಸ ಮನಸ್ಸಿನಿಂದ ಇಳಿದಿದೆಯೇ? ಭವಿಷ್ಯ ಹೇಳುವುದು, ಮಂತ್ರ ಹಾಕುವುದು, ತಾಯಿತ ಕಟ್ಟುವುದು ಇವನ್ನೆಲ್ಲ ಭಗವಾನರು ಕೀಳು ವಿದ್ಯೆ ಎಂದರು, ಭಿಕ್ಖುಗಳಿಗೆ ಸಲ್ಲದು ಎಂದರು. ಅಲೌಕಿಕ ಶಕ್ತಿಯ ನಂಬಿಕೆ ವಿಚಾರ ಮಾಡುವ ಬುದ್ಧಿಯನ್ನೇ ಕೊಲ್ಲುತ್ತದೆ, ಆದ್ದರಿಂದ ಬುದ್ಧರು ಅದನ್ನು ತಳ್ಳಿಹಾಕಿದರು ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ವಿವರಿಸಿದ್ದಾರೆ.

*ಕಾನೂನು ಏನು ಹೇಳುತ್ತದೆ*

📌 ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧ ಹಾಗೂ ನಿರ್ಮೂಲನೆ ಕಾಯ್ದೆಯ ಮಸೂದೆಗೆ ಶಾಸನಸಭೆ ಒಪ್ಪಿಗೆ ಕೊಟ್ಟದ್ದು 2017ರ ನವೆಂಬರ್‌ನಲ್ಲಿ, ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ. 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಮಾಟದ ಹೆಸರಿನಲ್ಲಿ ಹಿಂಸೆ ಕೊಡುವುದು ಇದರಡಿ ಅಪರಾಧ. ಒಂದರಿಂದ ಏಳು ವರ್ಷ ಜೈಲು, ದಂಡ ಬೇರೆ. ಇಂಥ ಕಾನೂನು ಬೇಕು ಎಂದು ಮಹಾರಾಷ್ಟ್ರದಲ್ಲಿ ಬಹಳ ವರ್ಷ ದುಡಿದ ಡಾ. ನರೇಂದ್ರ ದಾಭೋಲ್ಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದರು. ಮೌಢ್ಯದ ವಿರುದ್ಧ ನಿರ್ಭಯವಾಗಿ ಮಾತಾಡಿದ ನಮ್ಮ ಡಾ. ಎಂ.ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಈ ಕಾನೂನು ಪುಕ್ಕಟೆ ಬಂದದ್ದಲ್ಲ.

📌 ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಯಿತು. ಪರಿಶಿಷ್ಟರೊಬ್ಬರಿಗೆ ಮಾಟಗಾರರು ಎಂದು ಆರೋಪಿಸಿ ದೈಹಿಕ ಹಿಂಸೆಯನ್ನೋ ಮಾನಸಿಕ ಯಾತನೆಯನ್ನೋ ಕೊಟ್ಟರೆ ಅದೂ ದೌರ್ಜನ್ಯ ಎಂದು ಕಲಂ 3(1)(ಝಡ್‌ಬಿ) ಹೇಳುತ್ತದೆ. 1990ರ ತಿದ್ದುಪಡಿಯಿಂದ ಬೌದ್ಧರಾದ ಪರಿಶಿಷ್ಟರಿಗೂ ಈ ರಕ್ಷಣೆ ಉಂಟು. ಆದರೆ ನೆನಪಿಡಿ: ಆರೋಪ ಹೊರಿಸಿದವರೂ ಪರಿಶಿಷ್ಟರೇ ಆಗಿದ್ದರೆ ಈ ಕಾಯ್ದೆ ಹತ್ತುವುದಿಲ್ಲ. ಆಗ ಮೇಲಿನ 2017ರ ಕಾಯ್ದೆಯನ್ನೇ ಹಿಡಿಯಬೇಕು.

*ನಾವು ಮಾಡಬೇಕಾದ್ದು*

1. ಹೇಳಿಕೆಯಲ್ಲಿ ಯಾರದೋ ಗುರುತು ಬಂದಿದೆ ಎಂದು ಕೇಳಿದರೆ, ಆ ಮಾತನ್ನು ಮುಂದಕ್ಕೆ ಸಾಗಿಸಬೇಡಿ. ಸುಳ್ಳು ಹೇಳು‌ವುದಿಲ್ಲ ಎಂಬ ಶೀಲ ನಮ್ಮದು. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳುವುದೂ ಸುಳ್ಳೇ.

2. ಆರೋಪ ಹೊತ್ತವರ ಮನೆಗೆ ಹೋಗಿ. ಅವರ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತು, ಅವರ ಮನೆಯ ಚಹಾ ಕುಡಿಯಿರಿ. ಹತ್ತು ಭಾಷಣಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

3. ಆರೋಪ ಹೊರಿಸಿದವರನ್ನೂ ದ್ವೇಷಿಸಬೇಡಿ. ಅವರ ಮನೆಯಲ್ಲಿ ರೋಗವಿದೆ, ಭಯವಿದೆ, ಸಾಲವಿದೆ. ಅವರ ಜೊತೆ ದವಾಖಾನೆಗೆ ಹೋಗಿ, ಎಮ್ಮೆಯನ್ನು ಪಶು ವೈದ್ಯರಿಗೆ ತೋರಿಸಿ. ಮನಸ್ಸಿನ ತೊಂದರೆ ಇದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಪುಕ್ಕಟೆ ಕರೆ ಮಾಡಬಹುದು.

4. ಹಿಂಸೆಯ ಸೂಚನೆ ಕಂಡರೆ ತಡ ಮಾಡದೆ 112ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ 181 ಇದೆ. ‘ನಮ್ಮ ಕೇರಿ ಮಾತು ನಮ್ಮ ಕೇರಿಯಾಗ ಇರಲಿ’ ಎಂಬುದು ಹೊಡೆಯುವವರಿಗೆ ಮಾತ್ರ ಅನುಕೂಲ.

5. ಒಬ್ಬರಿಂದ ಏನಾದೀತು ಎನ್ನಬೇಡಿ. ಅಸ್ಸಾಮಿನ ಬೀರುಬಾಲಾ ರಾಭಾ ಅವರ ಮಗ ಮೂರು ದಿನದಲ್ಲಿ ಸಾಯುತ್ತಾನೆ ಎಂದು ಮಂತ್ರವಾದಿ ಹೇಳಿದ್ದ. ಮೂರು ದಿನ ಕಳೆಯಿತು, ಮಗ ಸಾಯಲಿಲ್ಲ. ಅಲ್ಲಿಂದ ಆ ತಾಯಿ ಊರೂರು ತಿರುಗಿ ಮಾಟಗಾತಿ ಎಂಬ ಆರೋಪ ಹೊತ್ತವರ ಪರ ನಿಂತರು. ಜಾರ್ಖಂಡಿನ ಚುಟ್ನಿ ಮಹತೋ ಅವರನ್ನೇ ಮಾಟಗಾತಿ ಎಂದು ಹಿಂಸಿಸಿ ಊರು ಬಿಡಿಸಿದ್ದರು. ಅವರು ತಮ್ಮಂತೆ ನೊಂದ ನೂರಾರು ಹೆಂಗಸರನ್ನು ಉಳಿಸಿದರು. 2021ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಇಬ್ಬರೂ ಹಳ್ಳಿಯ ಸಾಮಾನ್ಯ ಹೆಣ್ಣುಮಕ್ಕಳು.

*ಭಾನುವಾರದ ಚರ್ಚೆಗೆ ಮೂರು ಪ್ರಶ್ನೆ*

❓ ಮೇಲೆ ಹೇಳಿದ ನಾಲ್ಕು ಕಾರಣಗಳಲ್ಲಿ ನಮ್ಮ ಮನೆಗಳಲ್ಲಿ ಹೆಚ್ಚು ಕೇಳಿಬರುವುದು ಯಾವುದು?
❓ ‘ದೂರ ಇಟ್ಟೇವಿ ಅಷ್ಟ’ ಎನ್ನುವುದು ಪಂಚಶೀಲಕ್ಕೆ ಹೊಂದುತ್ತದೆಯೇ?
❓ ಕೊಡಲಿ ಎತ್ತದ ಮಕ್ಕಳ ಕಥೆಯನ್ನು ನಮ್ಮ ಮಕ್ಕಳಿಗೆ ಹೇಗೆ ಹೇಳೋಣ?

*ಇಂದಿನ ಸಂಕಲ್ಪ:* ಸಾಕ್ಷಿ ಇಲ್ಲದ ಮಾತಿಗೆ ಇವತ್ತು ನಾನು ಬಾಯಿ ಕೊಡುವುದಿಲ್ಲ, ಕಿವಿ ಕೊಡುವುದಿಲ್ಲ, ಫಾರ್ವರ್ಡ್ ಮಾಡುವುದಿಲ್ಲ. ಯಾರನ್ನಾದರೂ ಊರು ದೂರ ಇಟ್ಟಿದ್ದರೆ ಅವರ ಹತ್ತಿರ ಹೋಗಿ ಕೂರುತ್ತೇನೆ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ! ಜೈ ಭೀಮ್! 💙
(ಅಧ್ಯಯನ ಬಳಗ, ದೇಗಾಂವ. ಓದಿದ ಮೇಲೆ ಒಬ್ಬ ತಾಯಿಗಾದರೂ ಓದಿ ಹೇಳಿ.)